ಸೂತಕದ ಮನೆಯ ಸರದಿ

ಧನಗೆರೆ ಪಕ್ಕದ ನಮ್ಮೂರಿನಿಂದ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಮೀನಾ,

ಅಕ್ಕನ ಆಶೀರ್ವಾದ. ನೀನು, ಶಂಕರ್, ಶೃತಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಅತ್ತೆ ಈಗ ಗೋಡೆ ಹಿಡಿದು ನಡೆಯುವ ಹಾಗಾದರಂತೆ, ಕೇಳಿ ಸಮಾಧಾನವಾಯಿತು. ಯಾರು ಹೇಳಿದರು ಅಂತ ವಿಚಾರಣೆ ಶುರು ಮಾಡಬೇಡ, ಆ ಕೂಸನ್ನು ಬೈಯಲೂ ಬೇಡ. ಮಗಳು ದೊಡ್ಡಮ್ಮನಿಗೆ ಫೋನ್ ಮಾಡುವುದು ಅಪರಾಧವೇನಲ್ಲ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಅವ್ವ ಹೋದದ್ದು ಸಂಕ್ರಾಂತಿಯ ಹೊತ್ತಿಗೆ, ಈಗ ಪಿತೃಪಕ್ಷವೇ ಬಂದುಬಿಟ್ಟಿದೆ. ನಡುವೆ ಎಷ್ಟು ಸಲ ಪೆನ್ನು ಹಿಡಿದೆನೋ. ‘ಪ್ರೀತಿಯ ಮೀನಾ’ ಅಂತ ಬರೆದ ತಕ್ಷಣ ‘ಎಲ್ಲಿಯ ಪ್ರೀತಿ’ ಅಂತ ಸಿಟ್ಟು ನೆತ್ತಿಗೇರುತ್ತಿತ್ತು, ಹಾಳೆ ಮುದುರಿ ಒಲೆಗೆ ಹಾಕುತ್ತಿದ್ದೆ. ಯಳಂದೂರೇನು ಕಾಶಿಯಲ್ಲಿಲ್ಲ. ಕಾಲೇಜಿನ ಪಾಠ ಮುಗಿಸಿ ಕೊಳ್ಳೇಗಾಲದಲ್ಲಿ ಬಸ್ ಹತ್ತಿದರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ನಿನ್ನ ಮನೆ ಮುಂದೆ ಇಳಿಯಬಹುದು. ಆದರೆ ನನ್ನ ನಂಬರನ್ನು ಬ್ಲಾಕ್ ಮಾಡಿದವಳು ಬಾಗಿಲನ್ನೂ ಹಾಕಿಕೊಂಡರೆ ಏನು ಮಾಡಲಿ ಅಂತ ಹೆದರಿಕೆ. ಅದಕ್ಕೇ ಈ ಕಾಗದ.

ನೀನು ಮತ್ತೆ ನನ್ನ ಜೊತೆ ಮಾತಾಡಬೇಕು. ನನಗೆ ಬೇಕಾಗಿರುವುದು ಇಷ್ಟೇ, ಮೊದಲೇ ಹೇಳಿಬಿಟ್ಟಿದ್ದೇನೆ. ತಿಥಿಯ ದಿನ ನಮ್ಮಿಬ್ಬರ ನಡುವೆ ಬಂದ ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮೂರ ಕೆರೆಯ ಜಗಳ ಕೇಳು. ನಗು ಬಂದರೆ ನಕ್ಕುಬಿಡು, ಇಲ್ಲಿಂದ ನನಗೇನು ಕಾಣುವುದಿಲ್ಲ.

ನಿಂಗರಾಜು ನೆನಪಿರಬೇಕಲ್ಲ? ಹನೂರಿನವನು, ಪಿಯುಸಿಯಲ್ಲಿ ನನ್ನ ಹತ್ತಿರ ತರ್ಕಶಾಸ್ತ್ರ ಓದಿ ಡುಮ್ಕಿ ಹೊಡೆದು, ನಮ್ಮ ಮನೆಗೇ ಬಂದು ಅವ್ವನ ಕೈಯ ಹುರುಳಿ ಬಸ್ಸಾರು ಉಂಡು ಹೋಗಿದ್ದನಲ್ಲ, ಅವನೇ. ಈಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಸೊಸೈಟಿಗಳಿಗೆ, ರೇಷ್ಮೆ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾನೆ. ನಮ್ಮೂರ ನೀರಿನ ಸಂಘದವರು ಕೆರೆಯ ತೂಬಿಗೆ ಹಳೆಯ ಹಿಡಿಯ ಬದಲು ಮೋಟಾರಿನ ಪೆಟ್ಟಿಗೆ ಕೂರಿಸಿದಾಗ ಅದರ ಕೆಲಸವೂ ಅವನಿಗೇ ಸಿಕ್ಕಿತು. ಯಾರ ಗದ್ದೆಯ ಸರದಿಯೋ ಅವರ ಮೊಬೈಲಿಗೆ ‘ಈಗ ನಿಮ್ಮ ಸರದಿ’ ಅಂತ ಮೆಸೇಜು ಬರುತ್ತದೆ. ಅವರು ಒತ್ತಿದರೆ ತೂಬು ತೆರೆದು ಕಾಲುವೆಗೆ ನೀರು ಹರಿಯುತ್ತದೆ. ಬದುವಿನಲ್ಲಿ ಗಂಡಿ ಕಡಿದು ನೀರನ್ನು ಗದ್ದೆಯೊಳಕ್ಕೆ ತಿರುಗಿಸಿಕೊಳ್ಳುವುದು ಮಾತ್ರ ಹಳೆಯ ಹಾಗೇ ಗುದ್ದಲಿ ಕೆಲಸ.

ಸಾಫ್ಟ್‌ವೇರ್ ಬರೆಯುವ ಮುಂಚೆ ಅದು ಏನೇನು ಮಾಡಬೇಕು, ಏನು ಮಾಡಬಾರದು ಅಂತ ಎಲ್ಲರನ್ನೂ ಕೇಳಿ ಬರೆದಿಟ್ಟುಕೊಳ್ಳುತ್ತಾರಂತೆ. ಅವನು ಅದಕ್ಕೆ ಸ್ಪೆಕ್ಕು ಅನ್ನುತ್ತಾನೆ. ಒಂದು ವಾರ ಊರಲ್ಲೆಲ್ಲ ಅಲೆದು ಜನ ಹೇಳಿದ್ದನ್ನೆಲ್ಲ ಬರೆದುಕೊಂಡ. ಕೆರೆಯ ಪಕ್ಕದ ಮೇಲುಗದ್ದೆಯ ರುದ್ರಸ್ವಾಮಿಯವರು ಮೀಸೆ ತಿರುವಿ, “ಸರದಿಯೋರ್ನ ಬುಟ್ಟು ಇನ್ಯಾವನೂ ತೂಬು ಮುಟ್ಕೂಡ್ದು. ಬರ್ಕಳಪ್ಪ, ದಪ್ಪಕ್ಷರದಲ್ಲಿ ಬರ್ಕೊ” ಅಂದರಂತೆ. ಕಾಲುವೆಯ ಕೊನೆಯಲ್ಲಿರುವ ರಂಗಮ್ಮ, “ಸೂತ್ಕದ ಮನೆಯೋರು ತೂಬು ಮುಟ್ಟಂಗಿಲ್ಲ ಕಣಪ್ಪ. ಕೆರೆ ನೀರು ಊರೋರ್ದೆಲ್ಲ ಅಲ್ವಾ? ಆದ್ರೆ ಅವ್ರ ಗದ್ದೆಗೆ ನೀರೂ ತಪ್ಪಂಗಿಲ್ಲ” ಅಂದಳಂತೆ. ಎಲ್ಲವನ್ನೂ ಇವನು ಬರೆದುಕೊಂಡ.

ನೋಡು, ಒಂದೊಂದಾಗಿ ಓದಿದರೆ ಮೂರೂ ಸರಿಯಾದ ಮಾತುಗಳೇ. ಯಾರೂ ಸಾಯದಿದ್ದರೆ ಮೂರೂ ಹೊಂದಿಕೊಂಡೇ ಇರುತ್ತವೆ. ಒಂದು ಸಾವಾಯಿತು ಅನ್ನು. ಸರದಿಯವರೇ ತೂಬು ಬಿಡಬೇಕು, ಸರದಿಯವರು ಬಿಡುವಂತಿಲ್ಲ, ನೀರಂತೂ ಹೋಗಲೇಬೇಕು. ಇದಕ್ಕೆ ಏನು ಮಾಡುತ್ತೀ? ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತಗುಲುತ್ತಿವೆಯೇ ಅಂತ ನೋಡುವ ಪ್ರೋಗ್ರಾಮು ಒಂದು ಅವನ ಹತ್ತಿರ ಇದೆಯಂತೆ. ಅದು ಕೆಂಪು ಗೆರೆ ಎಳೆದು ತೋರಿಸಿತಂತೆ. ಈ ಪುಣ್ಯಾತ್ಮ ‘ಆಮೇಲೆ ನೋಡುವಾ’ ಅಂತ ಮುಂದಕ್ಕೆ ಹೋದ. ಪರೀಕ್ಷೆಯಲ್ಲೂ ಹೀಗೇ ಪ್ರಶ್ನೆ ಬಿಟ್ಟು ಬಿಟ್ಟು ಡುಮ್ಕಿ ಹೊಡೆದವನು.

ಆಮೇಲೆ ಅನ್ನುವುದು ಹೋದ ತಿಂಗಳು ಬಂತು. ರಂಗಮ್ಮನ ಮೈದುನ ಮಾರಯ್ಯ ತೀರಿಕೊಂಡ. ಪಾಪ, ಒಳ್ಳೆಯ ಮನುಷ್ಯ. ಅವರ ಮನೆಗೆ ಸೂತಕ ಅಂತ ಸಂಘದವರು ಮೊಬೈಲಿನಲ್ಲಿ ಗುರುತು ಹಾಕಿದರು. ಮಾರನೆಯ ದಿನ ಬೆಳಿಗ್ಗೆ ಅವರದೇ ಸರದಿ. ತೂಬು ಬಿಡುವವರು ಯಾರು ಅಂತ ಸಾಫ್ಟ್‌ವೇರು ಹುಡುಕಿದೆ, ಯಾರೂ ಸಿಕ್ಕಿಲ್ಲ, ಆದರೆ ಯಾರಾದರೂ ಇರಲೇಬೇಕು ಅನ್ನುವುದೂ ಅದರ ತಲೆಯಲ್ಲಿದೆ. ಅದು ಏನು ಮಾಡಿತು ಗೊತ್ತೇ? ಊರಿನ ಪ್ರತಿಯೊಬ್ಬ ಗದ್ದೆಯವರಿಗೂ ‘ಈಗ ನಿಮ್ಮ ಸರದಿ’ ಅಂತ ಮೆಸೇಜು ಕಳಿಸಿತು!

ನಾನು ಬಸ್ಸಿಗೆ ಹೊರಟಿದ್ದೆ. ನೋಡುತ್ತೇನೆ, ಊರಿಗೆ ಊರೇ ಗುದ್ದಲಿ ಹೊತ್ತು ಓಡುತ್ತಿದೆ. ಕಾಲುವೆಯ ಉದ್ದಕ್ಕೂ ಎಲ್ಲರೂ ಗಂಡಿ ಕಡಿದರು. “ನಂಗ್ ಬಂದದೆ ಮೆಸೇಜು!” “ನಂಗೂ ಬಂದದೆ ಕಣ್ಲಾ, ಕಣ್ ಬುಟ್ಟು ನೋಡು!” ಅಂತ ಮೊಬೈಲನ್ನು ಒಬ್ಬರ ಮೂತಿಗೊಬ್ಬರು ಹಿಡಿದು ಬೈಗುಳವೋ ಬೈಗುಳ. ನೀರೆಲ್ಲ ಮೇಲಿನ ಗದ್ದೆಗಳಿಗೇ ಹೋಯಿತು. ಯಾರ ಸರದಿಯಾಗಿತ್ತೋ ಆ ರಂಗಮ್ಮನ ಗದ್ದೆಗೆ ಒಂದು ತೊಟ್ಟೂ ಬರಲಿಲ್ಲ. ನಾಟಿ ಮಾಡಿ ಇನ್ನೂ ಬೇರು ಹಿಡಿಯದ ಪೈರು, ನಾಲ್ಕು ದಿನದಲ್ಲಿ ಹಳದಿಗೆ ತಿರುಗಿತು. ಹೆಣ ಸಾಗಿಸಿದ ಮನೆಯ ಜಗಲಿಯಲ್ಲಿ ಕೂತು ಅವಳು ಗದ್ದೆಯ ಕಡೆಯೇ ನೋಡುತ್ತಿದ್ದಳು.

ನಿಂಗರಾಜು ಅಳುಮೋರೆ ಹಾಕಿಕೊಂಡು ನಮ್ಮ ಮನೆಗೆ ಬಂದ. ಈ ಹಾಳು ಪೆಟ್ಟಿಗೆ ಕಿತ್ತು ಬಿಸಾಕುತ್ತೇವೆ ಅಂತ ಸಂಘದವರು ಹೇಳಿದ್ದರು. ಹಾಗಾದರೆ ಬೇರೆ ಯಾವ ಊರಿನವರೂ ಅವನನ್ನು ಹತ್ತಿರ ಸೇರಿಸುವುದಿಲ್ಲ.

“ಮೇಡಂ, ಮಿಷನ್ನಿಗೆ ತಲೆ ಕೆಟ್ಟೋಯ್ತು” ಅಂದ.

“ತಲೆ ಸರಿಯಾಗೇ ಇದೆ ಕಣೋ. ನೀನು ಪಾಠದ ದಿನ ಸಿನಿಮಾಕ್ಕೆ ಹೋಗಿದ್ದೆ” ಅಂದೆ. ಒಂದು ಮಾತನ್ನೂ ಅದರ ವಿರುದ್ಧದ ಮಾತನ್ನೂ ಒಟ್ಟಿಗೆ ಒಪ್ಪಿಕೊಂಡರೆ ಆಮೇಲೆ ಏನನ್ನು ಬೇಕಾದರೂ ಸಾಧಿಸಬಹುದು. ರುದ್ರಸ್ವಾಮಿಯವರ ಎಮ್ಮೆಯೇ ಸಂಘದ ಅಧ್ಯಕ್ಷೆ ಅಂತಲೂ ಸಾಧಿಸಬಹುದು. ಇದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಈ ವರ್ಷ ತರ್ಕಶಾಸ್ತ್ರ ತೆಗೆದುಕೊಂಡವರು ಒಂದೇ ಬೆಂಚಿನಲ್ಲಿ ಹಿಡಿಸುತ್ತಾರೆ, ಅವರೂ ಇದರಿಂದ ಏನು ಉಪಯೋಗ ಅಂತ ಕೇಳುತ್ತಾರೆ. ಊರೆಲ್ಲ ಗುದ್ದಲಿ ಹೊತ್ತು ಓಡಿದ ಮೇಲೆ ನನಗೂ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು.

ಅವನು ಸೂತಕದ ಮಾತನ್ನೇ ಅಳಿಸಿಬಿಡುತ್ತೇನೆ ಅಂದ. “ಕಾಲ ಬದ್ಲಾಯ್ತು ಮೇಡಂ. ಒಂದು ತಗುದ್ರೆ ಎಲ್ಲಾ ಸರ್ಯಾಯ್ತದೆ.” ನಾನು ಬೇಡ ಅಂದೆ. ಜಗಳವಾಡುತ್ತಿರುವ ಮಾತುಗಳಲ್ಲಿ ಒಂದನ್ನು ಅಳಿಸಿದರೆ ಜಗಳ ನಿಲ್ಲುತ್ತದೆ, ನಿಜ, ಆದರೆ ಆ ಮಾತು ಆಡಿದವರು ಊರಲ್ಲೇ ಇರುತ್ತಾರಲ್ಲ? “ಎಲ್ಲವನ್ನೂ ಇಟ್ಟುಕೋ. ಇವು ತಗುಲುತ್ತಿವೆ ಅಂತ ಗುರುತು ಹಾಕಿ ಸುತ್ತ ಬೇಲಿ ಕಟ್ಟು, ಅವುಗಳಿಂದ ಬೇರೆ ತೀರ್ಮಾನ ಹೊರಡದ ಹಾಗೆ ಮಾಡು. ಮಿಕ್ಕ ಸರದಿಗಳು ನಡೆಯುತ್ತಿರಲಿ. ಆಮೇಲೆ ಹೋಗಿ ಕೇಳು, ಆ ಮಾತು ಆಡುವಾಗ ಅವರ ಕಣ್ಣ ಮುಂದೆ ಏನಿತ್ತು, ಅವರಿಗೆ ಬೇಕಾಗಿದ್ದದ್ದು ಏನು ಅಂತ.” ಹೇಳುವುದು ಸುಲಭ ನೋಡು. ನಾನೇ ಸಂಘದ ಸಭೆಗೂ ಹೋಗಬೇಕಾಯಿತು.

ಸಭೆ ಸೇರಿದ್ದು ಸೂತಕ ಕಳೆದ ಮೇಲೆ, ಕೆರೆ ಏರಿಯ ಬೇವಿನ ಮರದ ಕೆಳಗೆ. ರಂಗಮ್ಮನೂ ಬಂದಿದ್ದಳು. ರುದ್ರಸ್ವಾಮಿಯವರಿಗೂ ಅವಳಿಗೂ ಬದುವಿನ ತಗಾದೆ, ಮಾತಿಲ್ಲ ಕತೆಯಿಲ್ಲ, ನೀನು ಮದುವೆಯಾಗಿ ಹೋಗುವ ಮುಂಚಿನಿಂದಲೂ. ನಾನು ಮೊದಲು ರುದ್ರಸ್ವಾಮಿಯವರನ್ನೇ ಕೇಳಿದೆ, ಸೂತಕದ ಮನೆಯವರ ವಿಷಯ ಯಾಕೆ ಹೇಳಲಿಲ್ಲ ಅಂತ.

“ನಾವು ಲಿಂಗ ಕಟ್ಟಿರೋರು ಕಣವ್ವ. ನಮ್ಗೆ ಸೂತ್ಕ ಗೀತ್ಕ ಇಲ್ಲ. ಇಲ್ದೇ ಇರೋದು ಎಂಗ್ ನೆಪ್ಪಾದದು?” ಅಂದರು.

ಅದೂ ಸರಿಯೇ. ಹಾಗಾದರೆ ಇಷ್ಟು ಕಾಲ ಸಾವಾದ ಮನೆಯವರ ಗದ್ದೆಗೆ ತೂಬು ಬಿಡುತ್ತಿದ್ದವರು ಯಾರು ಅಂತ ಕೇಳಿದೆ. ಎಲ್ಲರೂ ಕೆರೆಯ ಕಡೆ ನೋಡಿದರು. “ನೀರು ಓಯ್ತಿತ್ತು” ಅಂದ ಒಬ್ಬ. “ಯಾರೋ ಬುಡೋರು” ಅಂದ ಇನ್ನೊಬ್ಬ. ನಿಂಗರಾಜು ಲ್ಯಾಪ್‌ಟಾಪ್ ತೆರೆದುಕೊಂಡು, “ಒಂದು ಹೆಸ್ರು ಕೊಡಿ, ಯಾರಾದ್ರೂ ಸರಿ, ಸಾಕು” ಅಂತ ಗೋಗರೆದ. ಆಗ ರಂಗಮ್ಮ ಸೆರಗು ಹೊದ್ದುಕೊಂಡು ಎದ್ದಳು.

“ನಮ್ಮತ್ತೆ ಸತ್ತಾಗ ಬುಟ್ಟಿದ್ದು ಇವ್ರೇಯ. ಪಂಚೆ ಎತ್ಕಟ್ಕಂಡು ನಮ್ ಗದ್ದೆ ಗಂಡಿನೂ ಇವ್ರೇ ಕಡುದ್ರು. ನಾ ಇತ್ಲಲ್ಲಿ ನಿಂತ್ಕಂಡು ನೋಡ್ದೆ” ಅಂತ ರುದ್ರಸ್ವಾಮಿಯವರ ಕಡೆ ಕೈ ತೋರಿಸಿದಳು.

ರುದ್ರಸ್ವಾಮಿಯವರ ಮುಖ ನೀನು ನೋಡಬೇಕಾಗಿತ್ತು! ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕೆಂಪಾಗಿ, “ನೋಡುದ್ರೆ ಬಾಯ್ ಮುಚ್ಕಂಡಿರ್ಬೇಕಾಗಿತ್ತು! ಇದ್ನೆಲ್ಲಾ ಸಬೇಲಿ ಆಡ್ತರಾ?” ಅಂತ ರೇಗಿದರು. ಆ ರೇಗಾಟದಲ್ಲೇ ಇನ್ನೊಂದು ಮಾತೂ ಹೊರಗೆ ಬಂತು. “ಈ ಸಲಾನೂ ಓಗಿದ್ದೆ ಕಣಮ್ಮ, ಬೆಳಗಾಗೆದ್ದು, ಹಳೇ ರೂಢಿ ಮೇಲೆ, ಮೆಸೇಜು ಬರಾಕ್ ಮುಂಚೆನೇ. ಓದ್ರೆ ತೂಬಲ್ಲಿ ಹಿಡಿನೇ ಇಲ್ಲ, ಪೆಟ್ಗೆ ಅದೆ! ಎಲ್ಲಿ ಮುಟ್ಟನೆ, ಎಲ್ಲಿ ತಿರುಗ್ಸನೆ ನಾನು?”

ರಂಗಮ್ಮ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಆಮೇಲೆ ಒಬ್ಬೊಬ್ಬರದೇ ಗುಟ್ಟು ಹೊರಬಿತ್ತು. ಹೀಗೆ ತೂಬು ಬಿಟ್ಟವರು ಊರಲ್ಲಿ ಬಹಳ ಜನ. ಬಿಟ್ಟವರು ಬಿಟ್ಟೆ ಅನ್ನುವಂತಿಲ್ಲ, ನೀರು ಪಡೆದ ಮನೆಯವರು ಕೇಳುವಂತಿಲ್ಲ. ಹೇಳಿದರೆ ಅದು ಉಪಕಾರದ ಲೆಕ್ಕಕ್ಕೆ ಸೇರುತ್ತದಂತೆ. ಅದಕ್ಕೇ ಸ್ಪೆಕ್ಕು ಬರೆಯಲು ಬಂದವನಿಗೆ ಯಾರೂ ಹೇಳಿರಲಿಲ್ಲ. ಅದೇನು ಹೇಳುವ ಮಾತೇ ಅಂತ ಎಲ್ಲರೂ ಅಂದುಕೊಂಡಿದ್ದರು.

ರುದ್ರಸ್ವಾಮಿಯವರು ‘ಇನ್ಯಾವನೂ ಮುಟ್ಕೂಡ್ದು’ ಅಂದದ್ದು ನೀರುಗಳ್ಳರನ್ನು ಕಣ್ಣ ಮುಂದೆ ಇಟ್ಟುಕೊಂಡು. ಸಾವಿನ ಮನೆ ಆಗ ಅವರ ಮನಸ್ಸಿನಲ್ಲೇ ಇರಲಿಲ್ಲ. ತಾವೇ ಹೇಳಿದ ಕಟ್ಟಳೆಯನ್ನು ತಾವೇ ಮುರಿಯುತ್ತಾ ಬಂದದ್ದು ಅವರಿಗೆ ಮುರಿದ ಹಾಗೇ ಅನ್ನಿಸಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ರಂಗಮ್ಮನೂ ಹೇಳಲಿಲ್ಲ. ಇದು ನನಗೆ ಆ ಬೇವಿನ ಮರದ ಕೆಳಗೆ ಹೊಳೆಯಿತು, ಹೊಳೆದ ಕೂಡಲೇ ನಿನ್ನ ನೆನಪಾಯಿತು.

ಕೊನೆಗೆ ಏನು ಮಾಡಿದೆವು ಅಂದರೆ, ದಿನನಿತ್ಯಕ್ಕೆ ರುದ್ರಸ್ವಾಮಿಯವರ ಮಾತೇ ಕಟ್ಟಳೆ. ಸೂತಕದ ಮನೆಯ ಸರದಿ ಬಂದರೆ ಆ ಹೊತ್ತಿಗೆ ಅವರ ಮಾತು ಹಿಂದೆ ಸರಿದು ರಂಗಮ್ಮನ ಮಾತು ಮುಂದೆ ಬರುತ್ತದೆ. ಆಗ ಸಂಘದ ಯಾರು ಬೇಕಾದರೂ ಒತ್ತಬಹುದು. ಒಬ್ಬರು ಒತ್ತಿದ ಮೇಲೆ ಉಳಿದವರಿಗೆ ಅದು ಮುಚ್ಚಿಕೊಳ್ಳುತ್ತದೆ, ಯಾರ ಗದ್ದೆಗೆ ನೀರು ಹೋಗಬೇಕು ಅನ್ನುವುದು ಎಲ್ಲರಿಗೂ ತಿಳಿದಿರುತ್ತದೆ. ಒತ್ತಿದವರ ಹೆಸರನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ನಿಂಗರಾಜು “ಹೆಸ್ರಿಲ್ದೆ ಹೆಂಗೆ ಮೇಡಂ?” ಅಂದದ್ದಕ್ಕೆ ರುದ್ರಸ್ವಾಮಿಯವರು, “ಹೆಸ್ರಾಕುದ್ರೆ ಯಾವನೂ ಒತ್ತಾಕಿಲ್ಲ ಕಣ್ಲಾ, ಬುಡು” ಅಂದರು. ಆ ವಾರದ ತಮ್ಮ ಸರದಿಯ ನೀರನ್ನೂ ರಂಗಮ್ಮನ ಗದ್ದೆಗೇ ಬಿಡಿಸಿದರು. ಮೊನ್ನೆ ನೋಡಿಕೊಂಡು ಬಂದೆ, ಪೈರು ಮತ್ತೆ ಹಸಿರಿಗೆ ತಿರುಗಿದೆ. ಬದುವಿನ ತಗಾದೆ ಮಾತ್ರ ಹಾಗೇ ಇದೆ. ನಿನ್ನೆಯೂ ಜೋರಾಗಿ ಬೈದಾಡಿಕೊಂಡರು. ಬೈಯುವುದಕ್ಕಾದರೂ ಮಾತು ಶುರುವಾಯಿತಲ್ಲ ಅಂತ ನನಗೆ ಖುಷಿ. ನಿಂಗರಾಜನ ಪೆಟ್ಟಿಗೆ ಉಳಿಯಿತು, ಕಾಮಗೆರೆ ಕಡೆಯ ಒಂದು ಸಂಘದವರೂ ಬಂದು ನೋಡಿಕೊಂಡು ಹೋಗಿದ್ದಾರೆ.

ಬಹಳ ಬರೆದೆ. ಶೃತಿಗೆ ಚೆನ್ನಾಗಿ ಓದಲು ಹೇಳು, ತರ್ಕಶಾಸ್ತ್ರ ತೆಗೆದುಕೊಂಡರೆ ದೊಡ್ಡಮ್ಮನೇ ಪಾಠ ಹೇಳುತ್ತಾಳೆ ಅಂತಲೂ ಹೇಳು. ಅತ್ತೆಯ ಸೇವೆ ಅಂತ ನಿನ್ನ ಬೆನ್ನು ಮುರಿದುಕೊಳ್ಳಬೇಡ, ಎತ್ತುವಾಗ ಶಂಕರನನ್ನೂ ಕರೆ. ನಿಮ್ಮ ಮನೆಯಲ್ಲಿ ಸದಾ ನಗು ಇರಲಿ, ನಿನ್ನ ಕೈ ತುಂಬಿರಲಿ, ಮಾದಪ್ಪ ನಿಮ್ಮೆಲ್ಲರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ಯಶೋದ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ತಿಥಿಯ ದಿನ, ಎಡೆ ಇನ್ನೂ ಎತ್ತಿರಲಿಲ್ಲ, ನೀನು ನೆಂಟರೆಲ್ಲರ ಮುಂದೆ ನನ್ನನ್ನು ನೋಡಿ, “ಒಂದ್ ಲೋಟ ಬಿಸ್ನೀರು ಕಾಯ್ಸಿ ಕೊಡೋರಿಲ್ಲ ಅಂತ ಅವ್ವ ನನ್ತಾವ ಫೋನಲ್ಲಿ ಅತ್ಲು” ಅಂದೆ. ದಿನಾ ಬೆಳಿಗ್ಗೆ ನಾನು ಕಾಯಿಸಿಕೊಟ್ಟ ನೀರನ್ನು ಅವ್ವ ನನ್ನೆದುರೇ ಊದಿ ಊದಿ ಕುಡಿಯುತ್ತಿದ್ದಳು, ಮೀನಾ. ರಂಗಮ್ಮನ ಹತ್ತಿರ “ನನ್ ಮಗ್ಳು ಅಂಗೈಲಿ ಇಟ್ಕಂಡವ್ಳೆ” ಅನ್ನುತ್ತಿದ್ದಳಂತೆ. ಇಷ್ಟು ತಿಂಗಳು ನಾನು ಇವೆರಡರಲ್ಲಿ ಒಂದನ್ನು ಅಳಿಸಲು ನೋಡುತ್ತಿದ್ದೆ. ನೀನು ಸುಳ್ಳು ಹೇಳಿದೆ ಅನ್ನಬೇಕು, ಇಲ್ಲ ಅವ್ವ ಹೇಳಿದಳು ಅನ್ನಬೇಕು. ಯಾವುದನ್ನು ಅಂದುಕೊಂಡರೂ ನನಗೆ ಸಂಕಟವಾಗುತ್ತಿತ್ತು.

ಸಭೆ ಮುಗಿಸಿ ಬರುವಾಗ ರಂಗಮ್ಮ ಹೇಳಿದಳು, “ಬಸ್ ಸದ್ದಾದ್ರೆ ಸಾಕು, ನಿಮ್ಮವ್ವ ಬಾಗ್ಲಿಗ್ ಬರೋಳು, ಮೀನಾ ಬಂದ್ಲೇನೋ ಅಂತ.” ಅವ್ವ ಬಿಸಿನೀರಿನ ಆ ಮಾತನ್ನು ನನಗೆ ಹೇಳಲಿಲ್ಲ, ಊರಿಗೆ ಹೇಳಲಿಲ್ಲ, ದೂರದಲ್ಲಿದ್ದ ನಿನಗೊಬ್ಬಳಿಗೇ ಹೇಳಿದಳು. ಅತ್ತೆ ಹಾಸಿಗೆ ಹಿಡಿದಿದ್ದಾಗ ನೀನು ಹೇಗೆ ಬರುತ್ತಿದ್ದೆ, ಅವ್ವನಿಗೂ ಅದು ಗೊತ್ತಿತ್ತು. ‘ಬಾ’ ಅಂದರೆ ನಿನಗೆ ಕಷ್ಟ ಅಂತ ಬೇರೆ ಏನೋ ಹೇಳಿ ಕರೆದಳು. ಬಿಸಿನೀರು ಇತ್ತು ಮೀನಾ, ನೀನಿರಲಿಲ್ಲ. ನೀನು ಕೇಳಿದ್ದೂ ನಿಜ, ನಾನು ಕೊಟ್ಟದ್ದೂ ನಿಜ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಬರುವ ಭಾನುವಾರ ಮಹಾಲಯ ಅಮಾವಾಸ್ಯೆ. ಅವ್ವನಿಗೆ ಮೊದಲ ಪಕ್ಷದ ಎಡೆ. ಅವ್ವನ ಗದ್ದೆಯ ಸರದಿಯೂ ಅವತ್ತೇ ಬೆಳಿಗ್ಗೆ ಬಂದಿದೆ. ನಮ್ಮ ಗದ್ದೆಗೆ ಯಾರ ಮೊಬೈಲು ಹಾಕಲಿ ಅಂತ ನಿಂಗರಾಜು ಕೇಳಿದಾಗ ನಿನ್ನ ನಂಬರು ಕೊಟ್ಟಿದ್ದೇನೆ, ನಿನ್ನದೊಂದೇ. ನನ್ನ ಫೋನು ನಿನಗೆ ಬರದಿದ್ದರೂ ಕೆರೆಯ ಮೆಸೇಜು ಬರುತ್ತದೆ. ನೀನು ಯಳಂದೂರಿನಲ್ಲೇ ಕೂತು ಒತ್ತಿದರೂ ಇಲ್ಲಿ ತೂಬು ತೆರೆಯುತ್ತದೆ. ಬಂದರೆ ಹುರುಳಿ ಬಸ್ಸಾರು ಮಾಡಿರುತ್ತೇನೆ. ಬರಲಾಗದಿದ್ದರೂ ಒತ್ತು. ನಾನು ಗಂಡಿ ಕಡಿದು, ಗುದ್ದಲಿ ಹಿಡಿದು, ಕಾಲುವೆ ನೋಡುತ್ತಾ ಬದುವಿನ ಮೇಲೆ ನಿಂತಿರುತ್ತೇನೆ.